ಕಂಪೋಸಿಟರ್‌ನ ಮೂಲ ಸ್ಟ್ರಕ್ಟ್ ಹೇಗಿರಬೇಕು, ಮುಚ್ಚುವಾಗ ಕ್ರ್ಯಾಶ್ ಯಾಕೆ?

ರಾಯಚೂರು ಹುಡುಗ:
ರಾಯಚೂರಿನಲ್ಲಿ ಗೆಳೆಯರೆಲ್ಲ ಸೇರಿ ಡಬ್ಲ್ಯುಎಲ್‌ರೂಟ್ಸ್ (wlroots) 0.19 ಲೈಬ್ರರಿ ಮೇಲೆ ಸಣ್ಣದೊಂದು ವೇಲ್ಯಾಂಡ್ ಕಂಪೋಸಿಟರ್, ಅಂದರೆ ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಪ್ರೋಗ್ರಾಂ, ಬರೆಯುತ್ತಿದ್ದೇವೆ. ಡಿಸ್‌ಪ್ಲೇ (ಕ್ಲೈಂಟ್ ಆ್ಯಪ್‌ಗಳ ಸಂಪರ್ಕ ನೋಡಿಕೊಳ್ಳುವುದು), ಬ್ಯಾಕೆಂಡ್ (ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗ), ಸೀಟ್ (ಕೀಬೋರ್ಡ್-ಮೌಸ್ ಗುಂಪು) ಎಲ್ಲವನ್ನೂ ಗ್ಲೋಬಲ್ ಆಗಿ ಇಡಬೇಕಾ, ಇಲ್ಲ ಒಂದೇ ಸ್ಟ್ರಕ್ಟ್‌ನಲ್ಲಾ? ವಿಂಡೋಗಳು ಚೆನ್ನಾಗಿಯೇ ಬರುತ್ತವೆ, ಆದರೆ ಕಂಪೋಸಿಟರ್ ಮುಚ್ಚುವಾಗ ಅಸರ್ಟ್ (ಕೋಡ್‌ನೊಳಗಿನ ತಪಾಸಣೆ) ಫೇಲ್ ಆಗಿ ಬೀಳುತ್ತಿದೆ.

ಕೊಪ್ಪಳದವ:
ಒಂದೇ ಸರ್ವರ್ ಸ್ಟ್ರಕ್ಟ್ ಇಡು ತಮ್ಮಾ. ಇವೆಂಟ್ ಬಂದಾಗ ನಿನ್ನ ಫಂಕ್ಷನ್ (ಕಾಲ್‌ಬ್ಯಾಕ್) ಕರೆಸುವ ಲಿಸನರ್‌ಗಳೂ ಅದರೊಳಗೇ ಇರಲಿ, ಆಗ ಕಾಲ್‌ಬ್ಯಾಕ್‌ನಲ್ಲಿ ಕಂಟೇನರ್-ಆಫ್ ಮ್ಯಾಕ್ರೋ ಬಳಸಿದರೆ ಲಿಸನರ್ ವಿಳಾಸದಿಂದಲೇ ಇಡೀ ಸ್ಟ್ರಕ್ಟ್ ಸಿಗುತ್ತದೆ, ಗ್ಲೋಬಲ್ ಬೇಕಾಗುವುದೇ ಇಲ್ಲ. ಮೊದಲು ಡಿಸ್‌ಪ್ಲೇ, ಆಮೇಲೆ ಬ್ಯಾಕೆಂಡ್, ಚಿತ್ರ ಬಿಡಿಸುವ ರೆಂಡರರ್, ಅದಕ್ಕೆ ಬಫರ್ ಕೊಡುವ ಅಲೊಕೇಟರ್ ರಚಿಸು. ಸಾಕೆಟ್ ತೆರೆದ ಮೇಲೆ ಬ್ಯಾಕೆಂಡ್ ಶುರು ಮಾಡು, ಕೊನೆಗೆ ಇವೆಂಟ್ ಲೂಪ್. ಡಬ್ಲ್ಯುಎಲ್‌ರೂಟ್ಸ್ ಜೊತೆಗೇ ಬರುವ ಮಾದರಿ ಕಂಪೋಸಿಟರ್ ಟೈನಿಡಬ್ಲ್ಯುಎಲ್ (tinywl) ಕೋಡ್ ಓದು, ಸುಮ್ನೆ ಹೇಳುತ್ತಿಲ್ಲ, ಈ ಕ್ರಮ ಅದರಲ್ಲಿ ಪೂರ್ತಿ ಇದೆ.

ಬಳ್ಳಾರಿ ಲಿನಕ್ಸ್:
ಅಸರ್ಟ್ ಅಂದರೆ ಬಹುಶಃ ಲಿಸನರ್ ಉಳಿದಿವೆ. 0.19ರಿಂದ ವಸ್ತು ನಾಶವಾಗುವಾಗ ಅದರ ಸಿಗ್ನಲ್‌ಗೆ ಲಿಸನರ್ ಅಂಟಿಕೊಂಡಿದ್ದರೆ ಲೈಬ್ರರಿ ಅಲ್ಲೇ ನಿಲ್ಲಿಸುತ್ತದೆ, ನನಗಂತೂ ಇದು ಒಳ್ಳೆಯದೇ ಅನಿಸುತ್ತದೆ. ಮೊದಲು ಕ್ಲೈಂಟ್‌ಗಳ ಸಂಪರ್ಕ ಮುಗಿಸು, ಲಿಸನರ್ ತೆಗೆ, ಆಮೇಲೆ ಕರ್ಸರ್, ಅಲೊಕೇಟರ್, ರೆಂಡರರ್, ಬ್ಯಾಕೆಂಡ್ ಈ ಕ್ರಮದಲ್ಲಿ ನಾಶಮಾಡು. ಡಿಸ್‌ಪ್ಲೇ ಕಟ್ಟಕಡೆಗೆ.

ರಾಯಚೂರು ಹುಡುಗ:
ಮಾನಿಟರ್ ಕೇಬಲ್ ಕಿತ್ತಾಗಲೂ ಹೀಗೇನಾ ಅಣ್ಣಾ?

ಬಳ್ಳಾರಿ ಲಿನಕ್ಸ್:
ಹೌದು. ಆ ಔಟ್‌ಪುಟ್‌ನ (ಮಾನಿಟರ್‌ನ) ಡೆಸ್ಟ್ರಾಯ್ ಇವೆಂಟ್‌ನಲ್ಲಿ ಅದರ ಫ್ರೇಮ್ ಲಿಸನರ್ ಸೇರಿ ಎಲ್ಲ ತೆಗೆದು, ನಿನ್ನ ಸ್ಟ್ರಕ್ಟ್ ಫ್ರೀ ಮಾಡು.