ಓಡೋಕೆ ಶುರು ಮಾಡಿದ ಮೇಲೆ ಹಿಮೋಗ್ಲೋಬಿನ್ ಇಳಿದಿದೆ, ರಕ್ತ ನೀರಾಯ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನಗೆ 46 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಒಂದೂವರೆ ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ, ವಾರಕ್ಕೆ ನಾಲ್ಕು ದಿನ. ಓಟ ಶುರು ಮಾಡೋಕೆ ಮುಂಚೆ ಹಿಮೋಗ್ಲೋಬಿನ್ 15.1 ಇತ್ತು, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 45. ಮೊನ್ನೆ ಆಫೀಸಿನ ಚೆಕಪ್‌ನಲ್ಲಿ 14 ಮತ್ತು 41. ಸುಸ್ತು ಏನೂ ಇಲ್ಲ, ಓಟ ಮೊದಲಿಗಿಂತ ಸಲೀಸಾಗಿದೆ. ನಮ್ಮ ಭಾವ ಬೀದಿ ತುದಿಯಿಂದ ಪೇಪರ್ ತರೋಕೂ ಗಾಡಿ ತೆಗೀತಾರೆ, ಅವರದ್ದು 17.2! "ಓಡಿ ಓಡಿ ರಕ್ತ ನೀರು ಮಾಡಿಕೊಂಡೆಯಲ್ಲೋ, ನಂದು ನೋಡು ಗಟ್ಟಿ ರಕ್ತ" ಅಂತ ಹಬ್ಬದ ಊಟಕ್ಕೆ ಕೂತಾಗ ಎಲ್ಲರ ಮುಂದೆ ಅಂದರು. ನಿಜಾನಾ?

ಡಾಕ್ಟರ್: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ನಿಮ್ಮ ರಕ್ತ ತೆಳುವಾಗಿದೆ. ಆದರೆ ಅದಕ್ಕೆ ಬೇಜಾರು ಮಾಡಿಕೊಳ್ಳೋ ಅಗತ್ಯ ಇಲ್ಲ.

ರಿಪೋರ್ಟಿನಲ್ಲಿ ಬರೋದು ಪ್ರಮಾಣ ಮಾತ್ರ, ಮೈಯಲ್ಲಿ ಒಟ್ಟು ಎಷ್ಟಿದೆ ಅನ್ನೋದಲ್ಲ. ಒಂದು ಅಂದಾಜು ಲೆಕ್ಕ ಹಾಕೋಣ. ಮೊದಲು ನಿಮ್ಮಲ್ಲಿ 5 ಲೀಟರ್ ರಕ್ತ ಇತ್ತು ಅಂದುಕೊಳ್ಳಿ. ಪಿಸಿವಿ 45 ಅಂದರೆ ಅದರಲ್ಲಿ ಕೆಂಪು ಕಣ 2.25 ಲೀಟರ್, ಉಳಿದ 2.75 ಲೀಟರ್ ಪ್ಲಾಸ್ಮಾ, ಅಂದರೆ ಹಳದಿ ನೀರಿನ ಭಾಗ. ತಿಂಗಳುಗಟ್ಟಲೆ ಓಡಿದವರಲ್ಲಿ ಪ್ಲಾಸ್ಮಾ ಶೇಕಡಾ 10ರಿಂದ 20ರಷ್ಟು ಹೆಚ್ಚುತ್ತೆ. ಈಗ ಅದು 3.25 ಲೀಟರ್ ಆಗಿದೆ, ಕಣ ಕೂಡ ಸ್ವಲ್ಪ ಏರಿ 2.3 ಆಗಿದೆ ಅಂತಿಟ್ಟುಕೊಳ್ಳಿ. ಒಟ್ಟು 5.55 ಲೀಟರ್, ಪಿಸಿವಿ 41. ಹಿಮೋಗ್ಲೋಬಿನ್ ಗ್ರಾಂ ಲೆಕ್ಕದಲ್ಲಿ ಮೊದಲು ಸುಮಾರು 755 ಇದ್ದದ್ದು ಈಗ 777. ರಿಪೋರ್ಟಿನಲ್ಲಿ ಇಳಿದಿದೆ, ಮೈಯಲ್ಲಿ ಏರಿದೆ! ಸಾರಿಗೆ ಬೇಳೆ ಒಂದು ಹಿಡಿ, ನೀರು ಎರಡು ಲೋಟ ಜಾಸ್ತಿ ಹಾಕಿದ ಹಾಗೆ. ಸೌಟಲ್ಲಿ ತೆಗೆದರೆ ತೆಳು, ಪಾತ್ರೆಯಲ್ಲಿ ಬೇಳೆ ಜಾಸ್ತಿನೇ ಇದೆ.

ಪ್ರಶ್ನೆ: ಅಬ್ಬಾ, ಜೀವ ಬಂತು. ಆದರೆ ಮೈ ಯಾಕೆ ಹೀಗೆ ನೀರು ಸೇರಿಸಿಕೊಳ್ಳುತ್ತೆ? ಬೆವರು ಸುರಿದರೆ ನೀರು ಕಡಿಮೆ ಆಗಬೇಕಲ್ವಾ?

ಡಾಕ್ಟರ್: ಓಡುವಾಗ ಕಡಿಮೆಯೇ ಆಗುತ್ತೆ. ಜೋರಾಗಿ ಓಡಿದರೆ ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಪ್ಲಾಸ್ಮಾದ ಶೇಕಡಾ 10ರಿಂದ 15ರಷ್ಟು ಸಣ್ಣ ರಕ್ತನಾಳಗಳಿಂದ ಸೋರಿ ಸ್ನಾಯುಗಳ ಒಳಗೆ ಹೋಗುತ್ತೆ, ಆಮೇಲೆ ಬೆವರೂ ಅದಕ್ಕೆ ಸೇರಿಕೊಳ್ಳುತ್ತೆ. ಆ ಹೊತ್ತಿಗೆ ಎಲ್ಲರ ರಕ್ತವೂ ಗಟ್ಟಿಯಾಗುತ್ತೆ, ನಿಮ್ಮದೂ, ಒಲಿಂಪಿಕ್ಸ್ ಓಟಗಾರರದ್ದೂ. ಓಟ ಮುಗಿದ ಮೇಲೆ ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಪ್ಲಾಸ್ಮಾದ ಪ್ರೋಟೀನೂ ಹೆಚ್ಚುತ್ತೆ. ಒಂದೆರಡು ದಿನದಲ್ಲಿ ಕಳೆದುಕೊಂಡದ್ದಕ್ಕಿಂತ ಜಾಸ್ತಿ ವಾಪಸ್ ಬಂದಿರುತ್ತೆ. ಮುಂದಿನ ಓಟಕ್ಕೆ ಮೊದಲೇ ದಾಸ್ತಾನು ಮಾಡಿಟ್ಟ ಹಾಗೆ. ಕೆಂಪು ಕಣ ಹೆಚ್ಚೋಕೆ ಮಾತ್ರ ವಾರ, ತಿಂಗಳು ಬೇಕು. ಅದಕ್ಕೇ ಹೊಸದಾಗಿ ಓಡುವವರ ರಿಪೋರ್ಟಿನಲ್ಲಿ ಈ ಇಳಿತ ಎದ್ದು ಕಾಣೋದು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಕೆಂಪು ಕಣದ ಅಗಲ 7-8 ಮೈಕ್ರಾನ್, ಅದು ನುಗ್ಗಬೇಕಾದ ಸಣ್ಣ ನಾಳ ಕೆಲವು ಕಡೆ 5 ಮೈಕ್ರಾನ್. ಮಡಚಿಕೊಂಡು, ಬಳುಕಿಕೊಂಡೇ ಹೋಗಬೇಕು. ಕಣಕ್ಕೆ ಸುಮಾರು 120 ದಿನ ಆಯಸ್ಸು, ವಯಸ್ಸಾದ ಹಾಗೆ ಅದೂ ನಮ್ಮ ಮಂಡಿ ಥರ ಬಿಗಿಯಾಗುತ್ತೆ. ವ್ಯಾಯಾಮದ ಹೊಡೆತಕ್ಕೆ ಮೊದಲು ಒಡೆಯೋದು ಇಂಥ ಹಳೇ ಕಣಗಳೇ. ಹಾಗಾಗಿ ಓಡುವವರಲ್ಲಿ ಎಳೇ, ಮೆತ್ತನೆ ಕಣಗಳ ಪಾಲು ಜಾಸ್ತಿ.

ಏನೂ ವ್ಯಾಯಾಮ ಇಲ್ಲದೆ ತೂಕ ಏರಿಸಿಕೊಂಡು, ಮೇಲಿಂದ ಸಿಗರೇಟು ಬೇರೆ ಇದ್ದರೆ ಫೈಬ್ರಿನೋಜೆನ್ ಅನ್ನೋ ಪ್ರೋಟೀನ್ ಹೆಚ್ಚಿರುತ್ತೆ. ಅದು ಪ್ಲಾಸ್ಮಾವನ್ನೇ ಗಟ್ಟಿ ಮಾಡುತ್ತೆ, ರಕ್ತ ನಿಧಾನ ಹರಿಯುವ ಕಡೆ ಕಣಗಳನ್ನು ನಿಪ್ಪಟ್ಟು ಒಂದರ ಮೇಲೊಂದು ಜೋಡಿಸಿದ ಹಾಗೆ ಅಂಟಿಸುತ್ತೆ.

ಗುಂಪಿನ ಇನ್ನೊಬ್ಬ ಸದಸ್ಯರು: ಡಾಕ್ಟ್ರೇ, ತೆಳು ರಕ್ತವೇ ಒಳ್ಳೇದು ಅಂದ್ರೆ ಈ ಸೈಕಲ್ ರೇಸಿನವರು ಯಾಕೆ ಇಂಜೆಕ್ಷನ್ ಚುಚ್ಚಿಕೊಂಡು ಕೆಂಪು ಕಣ ಏರಿಸಿಕೊಳ್ಳುತ್ತಿದ್ದರು?

ಡಾಕ್ಟರ್: ಒಳ್ಳೇ ಕೊಕ್ಕೆ ಹಾಕಿದಿರಿ. ಕಣ ಜಾಸ್ತಿ ಆದರೆ ಆಮ್ಲಜನಕ ಜಾಸ್ತಿ ಸಾಗುತ್ತೆ, ಅದು ನಿಜ. ಕೆಂಪು ಕಣ ಹೆಚ್ಚಿಸೋ ಹಾರ್ಮೋನ್ ಇಪಿಒ ಚುಚ್ಚಿಕೊಳ್ಳುತ್ತಿದ್ದದ್ದು ಅದಕ್ಕೇ. ಆದರೆ ಪಿಸಿವಿ ಏರಿದ ಹಾಗೆ ರಕ್ತದ ಗಟ್ಟಿತನ ಸರಸರ ಏರುತ್ತೆ, ಹೃದಯಕ್ಕೆ ತಳ್ಳೋದು ಕಷ್ಟ, ಹೆಪ್ಪುಗಟ್ಟುವ ಅಪಾಯ ಬೇರೆ. ಇಪಿಒ ಹಿಡಿಯೋ ಪರೀಕ್ಷೆ ಆಗ ಇರಲಿಲ್ಲ. ಅದಕ್ಕೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ ಗಂಡಸರಿಗೆ ಪಿಸಿವಿ 50 ದಾಟಬಾರದು ಅಂತ ಗೆರೆ ಎಳೆಯಿತು. 1999ರಲ್ಲಿ ಇಟಲಿಯ ಜಿರೋ ರೇಸ್ ಮುಗಿಯೋಕೆ ಎರಡೇ ಹಂತ ಬಾಕಿ, ಮಾರ್ಕೊ ಪಂತಾನಿ ಮುಂದಿದ್ದರು, ಬೆಳಗಿನ ಪರೀಕ್ಷೆಯಲ್ಲಿ 52 ಬಂತು. ಅಲ್ಲಿಂದಲೇ ಮನೆಗೆ ಕಳಿಸಿದರು.

ತರಬೇತಿಯಲ್ಲಿ ಮೈ ತಾನಾಗಿ ಕಣ, ನೀರು ಎರಡನ್ನೂ ಹೆಚ್ಚಿಸುತ್ತೆ, ಜೊತೆಗೆ ಸ್ನಾಯುಗಳ ನಾಳ ಅಗಲವಾಗುತ್ತೆ. ನಾಳ ಶೇಕಡಾ 10ರಷ್ಟು ಅಗಲವಾದರೆ ಸಾಕು, ಅಷ್ಟೇ ಒತ್ತಡದಲ್ಲಿ ಹರಿವು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಓಡುವಾಗ ರಕ್ತ ಗಟ್ಟಿಯಾದರೂ ನಿಭಾಯಿಸೋದು ಹೀಗೆ. ಅಭ್ಯಾಸ ಇಲ್ಲದವರಲ್ಲಿ ನಾಳ ಇಷ್ಟು ಚುರುಕಾಗಿ ಅಗಲವಾಗೋದಿಲ್ಲ.

ಮತ್ತೊಬ್ಬ ಸದಸ್ಯೆ: ಡಾಕ್ಟ್ರೇ, ನನಗೆ 31, ನಾನೂ ಓಡ್ತೀನಿ. ನನ್ನ ಹಿಮೋಗ್ಲೋಬಿನ್ 10.2. ನಂದೂ ಹಾಗಿದ್ರೆ ಇದೇ ನೀರಿನ ಲೆಕ್ಕನಾ?

ಡಾಕ್ಟರ್: ಅಲ್ಲಮ್ಮ, ಇದನ್ನು ಹಾಗೆ ಬಿಡಬೇಡಿ. ನೀರು ಸೇರಿದ್ದಕ್ಕೆ ಒಂದು ಒಂದೂವರೆ ಇಳಿಯಬಹುದು, 10ಕ್ಕೆ ಬರಲ್ಲ. ಫೆರಿಟಿನ್ ಪರೀಕ್ಷೆ ಮಾಡಿಸಿ, ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುತ್ತೆ. ಮುಟ್ಟಿನಲ್ಲಿ ಹೋಗುತ್ತೆ, ಓಡುವಾಗ ಪಾದ ನೆಲಕ್ಕೆ ಬಡಿದು ಸ್ವಲ್ಪ ಕಣ ಒಡೆಯುತ್ತೆ, ಬೆವರಲ್ಲೂ ಒಂದಿಷ್ಟು ಹೋಗುತ್ತೆ. ಊಟ ಆದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ, ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕಂಡು ತೀರ್ಮಾನ ಮಾಡಿ, ಸುಮ್ನೆ ಅಂಗಡಿಯಲ್ಲಿ ಕೇಳಿ ತಗೋಬೇಡಿ.

ಸದಸ್ಯರು: ರೇಸ್ ದಿನ ರಕ್ತ ತೆಳು ಇರಲಿ ಅಂತ ಒಂದು ಆಸ್ಪಿರಿನ್ ನುಂಗಿದ್ರೆ?

ಡಾಕ್ಟರ್: ಬೇಡ. "ರಕ್ತ ತೆಳು ಮಾಡೋ ಮಾತ್ರೆ" ಅನ್ನೋ ಹೆಸರೇ ಮೋಸ. ಆಸ್ಪಿರಿನ್, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದ ಹಾಗೆ ತಡೆಯುತ್ತೆ ಅಷ್ಟೇ, ರಕ್ತದ ಗಟ್ಟಿತನ ಇಳಿಸೋದಿಲ್ಲ. ಹೊಟ್ಟೆಯಲ್ಲಿ ರಕ್ತ ಬಂದರೆ ನಷ್ಟ ನಿಮಗೇ. ಹೃದಯಕ್ಕೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದರೆ ಆ ಮಾತು ಬೇರೆ, ಅದನ್ನು ನಿಲ್ಲಿಸಬೇಡಿ.

ಸದಸ್ಯರು: ನಾನೇ ಆ ಭಾವ. ನನ್ನನ್ನೂ ಈ ಗುಂಪಿಗೆ ಸೇರಿಸಿದ್ದಾನೆ ಅನ್ನೋದು ಮರೆತಿದ್ದಾನೆ. ಡಾಕ್ಟ್ರೇ, ದಿನಕ್ಕೆ ಎಂಟು ಹತ್ತು ಸಿಗರೇಟು ಸೇದ್ತೀನಿ. ಹಾಗಾದ್ರೆ ನನ್ನ 17.2 ಒಳ್ಳೇದಲ್ವಾ? ಭಾನುವಾರ ಇವನ ಜೊತೆ ಓಡೋಕೆ ಬರಬಹುದಾ?

ಡಾಕ್ಟರ್: ಬನ್ನಿ ಸಾರ್, ಸ್ವಾಗತ! ನಿಮ್ಮ 17.2ರಲ್ಲಿ ಸಿಗರೇಟಿನ ಪಾಲಿರಬಹುದು. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಗಟ್ಟಿಯಾಗಿ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಬಿಡೋದಿಲ್ಲ. ಮೈ ಪಾಪ ಅದನ್ನು ಸರಿದೂಗಿಸೋಕೆ ಕಣ ಜಾಸ್ತಿ ಮಾಡುತ್ತೆ. ಗಂಡಸರಲ್ಲಿ 16.5 ದಾಟಿದರೆ ನಾವು ಒಮ್ಮೆ ತಿರುಗಿ ನೋಡ್ತೀವಿ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ರಾತ್ರಿ ಜೋರಾಗಿ ಗೊರಕೆ ಹೊಡೀತೀರಾ ಅಂತ ಮನೆಯವರನ್ನು ಕೇಳಿ ಡಾಕ್ಟರಿಗೆ ತಿಳಿಸಿ.

ಭಾನುವಾರ ಓಡಬೇಡಿ. ಅಭ್ಯಾಸ ಇಲ್ಲದವರು ಏಕಾಏಕಿ ಓಡಿದರೆ ಪ್ಲೇಟ್‌ಲೆಟ್ ಕೆರಳುತ್ತೆ, ರಕ್ತ ಗಟ್ಟಿಯಾಗುತ್ತೆ, ಎರಡೂ ಒಟ್ಟಿಗೆ. ಹೃದಯಾಘಾತದ ಅಪಾಯ ಆ ಹೊತ್ತಿಗೆ ಏರೋದು ಇಂಥವರಲ್ಲೇ ಜಾಸ್ತಿ. ಮೊದಲು ಬಿಪಿ, ಶುಗರ್, ಇಸಿಜಿ ನೋಡಿಸಿಕೊಳ್ಳಿ. ಆಮೇಲೆ ನಡಿಗೆ, ಮಾತಾಡಿಕೊಂಡು ನಡೆಯೋ ವೇಗದಲ್ಲಿ. ಎಂಟು ಹತ್ತು ವಾರ ಆದ ಮೇಲೆ ಓಟದ ಮಾತು.

ಪರೀಕ್ಷೆಗೆ ರಕ್ತ ಕೊಡೋಕೆ ಹೋಗುವಾಗ ಇಬ್ಬರೂ ಒಂದು ಗಮನದಲ್ಲಿಡಿ: ಹಿಂದಿನ ದಿನ ಜೋರು ಓಟ ಬೇಡ, ಲ್ಯಾಬಿನಲ್ಲಿ ಹತ್ತು ಹದಿನೈದು ನಿಮಿಷ ಕೂತು ಆಮೇಲೆ ಕೈ ಕೊಡಿ. ನಿಂತಾಗ, ಮಲಗಿದಾಗಲೇ ಪ್ಲಾಸ್ಮಾ ಏರಿಳಿಯುತ್ತೆ. ಒಬ್ಬರು ಮೆಟ್ಟಿಲು ಹತ್ತಿ ಬಂದು, ಇನ್ನೊಬ್ಬರು ಕೂತಿದ್ದು ಕೊಟ್ಟರೆ ಹೋಲಿಸೋಕೇ ಆಗೋದಿಲ್ಲ.

ಭಾವ: ಸರಿ ಡಾಕ್ಟ್ರೇ. ನಡೆಯೋಕೆ ಬರ್ತೀನಿ. ಕೆರೆ ತನಕ ಗಾಡಿಯಲ್ಲಿ ಬರಬಹುದು ತಾನೇ?