ಪದಚರ್ಚೆ: ಹಳೆಯ ಸೇನಾ ವಿಮಾನಗಳ ಪ್ರದರ್ಶನದಲ್ಲಿ ‘ಸುರಕ್ಷತಾ ರೇಖೆ’ ಎಂದರೆ ಯಾವ ಗೆರೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಸೇನಾ ವಿಮಾನಗಳ ಹಾರಾಟ ಪ್ರದರ್ಶನಕ್ಕೆ ಬರುವ ಜನರ ಸುರಕ್ಷತೆ ಕುರಿತ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಈಗಿನ ಕರಡಿನಲ್ಲಿ ಕ್ರೌಡ್ ಲೈನ್, ಡಿಸ್‌ಪ್ಲೇ ಲೈನ್ ಎರಡಕ್ಕೂ ‘ಸುರಕ್ಷತಾ ರೇಖೆ’ ಎಂದೇ ಇದೆ. ಗೇಟ್ ಹೈಟ್‌ಗೆ ‘ದ್ವಾರದ ಎತ್ತರ’, ಸ್ಪೆಕ್ಟೇಟರ್‌ಗೆ ‘ವೀಕ್ಷಕ’, ವಾರ್‌ಬರ್ಡ್‌ಗೆ ‘ಯುದ್ಧಪಕ್ಷಿ’, ಸ್ಟೆರೈಲ್ ಏರಿಯಾಗೆ ‘ಶುದ್ಧ ವಲಯ’, ಟ್ಯಾಕ್ಸಿಯಿಂಗ್‌ಗೆ ‘ಟ್ಯಾಕ್ಸಿ ಚಾಲನೆ’, ಫ್ಲಟರ್‌ಗೆ ‘ಕಂಪನ’ ಎಂದು ಹಾಕಲಾಗಿದೆ. ಇವುಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಬದಲಿಸಬೇಕು? ಓದುವವರು ಪೈಲಟ್‌ಗಳಲ್ಲ. ಹಗ್ಗದ ಬಳಿ ನಿಂತು ಜನರನ್ನು ತಡೆಯುವವರು, ಮೈಕಿನಲ್ಲಿ ಮಾತಾಡುವವರು, ವಾಹನ ನಿಲುಗಡೆ ನೋಡಿಕೊಳ್ಳುವವರು.

ಉತ್ತರ 1

ಮೊದಲು ಹೋಗಬೇಕಾದ್ದು ‘ಸುರಕ್ಷತಾ ರೇಖೆ’. ಮೈದಾನದಲ್ಲಿ ಗೆರೆ ಎರಡು, ಅವನ್ನು ಪಾಲಿಸಬೇಕಾದವರೂ ಬೇರೆ ಬೇರೆ. ಮೊದಲನೆಯದು ಜನ ದಾಟಬಾರದ ಗೆರೆ. ಅಲ್ಲಿ ಹಗ್ಗವೋ ಬೇಲಿಯೋ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಎರಡನೆಯದು ವಿಮಾನ ಜನರ ಕಡೆಗೆ ದಾಟಿ ಬರಬಾರದ ಗೆರೆ. ಅದು ಸಾಮಾನ್ಯವಾಗಿ ರನ್‌ವೇ ಅಂಚನ್ನೋ ನೆಲದ ಮೇಲಿನ ಬೇರೆ ಗುರುತನ್ನೋ ಹಿಡಿದು ಸಾಗುತ್ತದೆ. ಪೈಲಟ್‌ಗೆ ಮೇಲಿನಿಂದ ಗೊತ್ತಾಗುತ್ತದೆ, ಹಗ್ಗದ ಬಳಿ ನಿಂತವರಿಗೆ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ‘ರೇಖೆಯಿಂದ 1,500 ಅಡಿ’ ಎಂಬ ಸಾಲನ್ನು ಯಾರು ಹೇಗೆ ಓದಬೇಕು? ಮೊದಲನೆಯದಕ್ಕೆ ‘ಜನರ ಗೆರೆ’, ಎರಡನೆಯದಕ್ಕೆ ‘ಹಾರಾಟದ ಗೆರೆ’ ಎನ್ನಬಹುದು. ಯಾರು ಪಾಲಿಸಬೇಕೆಂಬುದು ಹೆಸರಿನಲ್ಲೇ ಇರಲಿ.

ಎರಡು ಗೆರೆಗಳ ನಡುವಿನ ದೂರ ವಿಮಾನದ ವೇಗದ ಮೇಲೆ ನಿಂತಿದೆ. ಅಮೆರಿಕದ ಪದ್ಧತಿಯಲ್ಲಿ ಇದಕ್ಕೆ ಮೂರು ವರ್ಗ: ಅತಿ ವೇಗದವಕ್ಕೆ 1,500 ಅಡಿ, ಮಧ್ಯಮ ವೇಗದವಕ್ಕೆ 1,000 ಅಡಿ, ನಿಧಾನದವಕ್ಕೆ 500 ಅಡಿ. ಮೀಟರಿನಲ್ಲಿ ಸುಮಾರು 457, 305, 152. ಕಸರತ್ತು ನಡೆಯುವ ಚೌಕದ ಕೆಳಗಿನ ನೆಲದಲ್ಲಿ ಪ್ರೇಕ್ಷಕರು ಇರುವಂತಿಲ್ಲ. ಅದನ್ನೇ ಸ್ಟೆರೈಲ್ ಎನ್ನುವುದು. ‘ಶುದ್ಧ ವಲಯ’ ಎಂದರೆ ಆಸ್ಪತ್ರೆಯ ಕೊಠಡಿ ನೆನಪಾಗುತ್ತದೆ, ಇಲ್ಲವೇ ಮಡಿ. ‘ನಿರ್ಜನ ವಲಯ’ ಎನ್ನಿ. ಫೋಟೊ ತೆಗೆಯಲು ‘ಎರಡೇ ನಿಮಿಷ’ ಒಳಗೆ ಬಿಡಿ ಎನ್ನುವವರಿಗೆ ಆ ಪದವೇ ಉತ್ತರ ಕೊಡುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಅಡಿ ಲೆಕ್ಕ ಬಂದ ಕೂಡಲೇ ವಿಮಾನದ ವಿಷಯವಾದ್ದರಿಂದ ಓದುಗರು ಎತ್ತರ ಎಂದುಕೊಳ್ಳುತ್ತಾರೆ. 2022ರ ನವೆಂಬರ್ 12ರಂದು ಡಲ್ಲಾಸ್‌ನಲ್ಲಿ ಪಿ-63 ಕಿಂಗ್‌ಕೋಬ್ರಾ ವಿಮಾನವು ಬಿ-17 ಬಾಂಬರ್‌ಗೆ ಗುದ್ದಿ ಎರಡರಲ್ಲಿದ್ದ ಆರೂ ಮಂದಿ ಸತ್ತರು. ಫೈಟರ್‌ಗಳು 500 ಅಡಿ ಗೆರೆಗೆ, ಬಾಂಬರ್‌ಗಳು 1,000 ಅಡಿ ಗೆರೆಗೆ ಹೋಗಲಿ ಎಂದು ಏರ್ ಬಾಸ್ (ಪ್ರದರ್ಶನದ ಹಾರಾಟವನ್ನು ನೆಲದಿಂದ ನಿರ್ದೇಶಿಸುವವರು) ರೇಡಿಯೊದಲ್ಲಿ ಹೇಳಿದ್ದರು. ಆ 500, 1,000 ಎರಡೂ ನೆಲದ ಮೇಲಿನ ದೂರಗಳು. ಯಾವ ಗುಂಪು ಎಷ್ಟು ಎತ್ತರದಲ್ಲಿ ಹಾರಬೇಕೆಂದು ಹಾರಾಟಕ್ಕೆ ಮುಂಚಿನ ಬ್ರೀಫಿಂಗ್‌ನಲ್ಲೂ ಹೇಳಿರಲಿಲ್ಲ, ಆಮೇಲೆ ರೇಡಿಯೊದಲ್ಲೂ ಹೇಳಲಿಲ್ಲ. ಹಾಗಾಗಿ ಕೈಪಿಡಿಯಲ್ಲಿ ಬರಿಯ ‘500 ಅಡಿ’ ಎಲ್ಲೂ ಇರಬಾರದು. ‘500 ಅಡಿ ದೂರ’ ಅಥವಾ ‘500 ಅಡಿ ಎತ್ತರ’, ಎರಡರಲ್ಲಿ ಒಂದು ಪ್ರತಿ ಸಲವೂ ಬರಲಿ. ಓದಲು ಬೇಸರವಾದರೂ ಆಗಲಿ.

ಫ್ಲೈಪಾಸ್ಟ್ (ಜನರ ಮುಂದೆ ನೇರ ಹಾದುಹೋಗುವುದು) ಮತ್ತು ಏರೊಬ್ಯಾಟಿಕ್ಸ್ (ಸುತ್ತು, ಉರುಳು, ತಿರುವುಗಳ ಹಾರಾಟ) ಬಗ್ಗೆ ನೀವು ಕೇಳಿಲ್ಲ, ಆದರೆ ಪತ್ರಿಕೆಗಳಲ್ಲಿ ಎರಡಕ್ಕೂ ‘ಕಸರತ್ತು’ ಎಂದು ಬರುವುದುಂಟು. ನಿಯಮಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ದೂರ. 1952ರ ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಡಿ.ಎಚ್.110 ಜೆಟ್ ವಿಮಾನ ಆಗಸದಲ್ಲೇ ಮುರಿದು 29 ಪ್ರೇಕ್ಷಕರು, ಇಬ್ಬರು ಸಿಬ್ಬಂದಿ ಸತ್ತರು. ಅದು ಆ ಕಾಲಕ್ಕೆ ಹೊಸ ವಿಮಾನ. ಆದರೂ ಇಂದಿನ ನಿಯಮಗಳ ಬೇರು ಅಲ್ಲಿದೆ. ಅದಾದ ಮೇಲೆ ಜೆಟ್‌ಗಳು ನೇರ ಹಾದುಹೋಗುವುದಾದರೆ ಜನರಿಂದ 230 ಗಜ, ತಿರುವು ಕಸರತ್ತುಗಳಿದ್ದರೆ 450 ಗಜ ದೂರದಲ್ಲಿ, 500 ಅಡಿಗಿಂತ ಕೆಳಗಿಳಿಯದೆ ಹಾರಬೇಕೆಂದಾಯಿತು. ಆದ್ದರಿಂದ ‘ಫ್ಲೈಪಾಸ್ಟ್’ ಹಾಗೇ ಇರಲಿ, ‘ಕಸರತ್ತು’ ಏರೊಬ್ಯಾಟಿಕ್ಸ್‌ಗೆ ಮಾತ್ರ ಮೀಸಲಾಗಲಿ.

ಕರಡಿನಲ್ಲಿ ‘ಸುರಕ್ಷಿತ ದೂರ’ ಎಂಬ ಮಾತಿದ್ದರೆ ಅದರ ಮೇಲೂ ನನಗೆ ಗುಮಾನಿ. ಲೆಕ್ಕ ಹಾಕಿ ನೋಡಿ. 300 ನಾಟ್ ಎಂದರೆ ಸೆಕೆಂಡಿಗೆ ಸುಮಾರು 154 ಮೀಟರ್. 100 ಮೀಟರ್ ಎತ್ತರದಿಂದ ವಸ್ತು ನೆಲ ಮುಟ್ಟಲು ಸುಮಾರು ನಾಲ್ಕೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ, ಗಾಳಿಯ ತಡೆ ಬಿಟ್ಟರೆ, ಅದು ಮುಂದಕ್ಕೆ 690 ಮೀಟರ್ ಹೋಗಿರುತ್ತದೆ. ರೆಕ್ಕೆಯ ತಗಡು ಬೇಗ ನಿಧಾನವಾಗುತ್ತದೆ, ಎಂಜಿನ್ ಅಷ್ಟು ಬೇಗ ಆಗುವುದಿಲ್ಲ. ಫಾರ್ನ್‌ಬರೊದಲ್ಲಿ ಜನರ ಮಧ್ಯೆ ಬಿದ್ದದ್ದು ಎಂಜಿನ್ನೇ. ಅಂದರೆ ಜನರ ಕಡೆಗೆ ಮೂತಿ ಮಾಡಿ ಬರುವ ವಿಮಾನಕ್ಕೆ 457 ಮೀಟರ್ ಸಾಲದೆ ಹೋಗಬಹುದು. ಗೆರೆಗೆ ಸಮಾನಾಂತರವಾಗಿ ಹೋಗುವಾಗ ಮುರಿದರೆ ಚೂರುಗಳೂ ಬಹುಪಾಲು ಗೆರೆಯುದ್ದಕ್ಕೇ ಬೀಳುತ್ತವೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ವಿಮಾನಗಳು ಡಿಕ್ಕಿಯಾದಾಗ, ಒಂಟಿಯಾಗಿ ಜನರ ಕಡೆಗೇ ಬರುತ್ತಿದ್ದ ವಿಮಾನ ಅದೇ ದಿಕ್ಕಿನಲ್ಲಿ ಜನರ ನಡುವೆ ಬಿತ್ತು. ಮೂವರು ಪೈಲಟ್‌ಗಳೂ ಸೇರಿ 70 ಸಾವು. ದೂರದಷ್ಟೇ ದಿಕ್ಕೂ ಮುಖ್ಯ ಎಂಬುದನ್ನು ಇಂಗ್ಲಿಷಿನವರು ‘ಎನರ್ಜಿ’ ಎಂಬ ಪದದಲ್ಲಿ ಹೇಳುತ್ತಾರೆ. ಅದನ್ನು ‘ಶಕ್ತಿ’ ಎಂದರೆ ಕನ್ನಡದಲ್ಲಿ ದಿಕ್ಕು ಕಳೆದುಹೋಗುತ್ತದೆ. ‘ವಿಮಾನದ ರಭಸ ಜನರತ್ತ ಇರಬಾರದು’ ಎಂದರೆ ಸಾಕು. ‘ಸುರಕ್ಷಿತ ದೂರ’ದ ಬದಲು ‘ಕನಿಷ್ಠ ದೂರ’ ಸರಿ. ಅದಕ್ಕಿಂತ ಕಡಿಮೆ ಇರಬಾರದು ಎಂದಷ್ಟೇ ಅದರ ಅರ್ಥ. ಅಷ್ಟಿದ್ದರೆ ಅಪಾಯವೇ ಇಲ್ಲ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ.

‘ದ್ವಾರದ ಎತ್ತರ’ವನ್ನು ದಯವಿಟ್ಟು ತೆಗೆಯಿರಿ. ಮೈದಾನಕ್ಕೆ ನಿಜವಾದ ಗೇಟುಗಳಿರುತ್ತವೆ, ಸ್ವಯಂಸೇವಕರು ಅವುಗಳ ಬಳಿಯೇ ನಿಂತಿರುತ್ತಾರೆ. ಗೇಟ್ ಹೈಟ್ ಎಂದರೆ ಲೂಪ್‌ನಂಥ ಸುತ್ತಿನ ನೆತ್ತಿಯಲ್ಲಿ ವಿಮಾನ ತಲುಪಿರಲೇಬೇಕಾದ ಎತ್ತರ. ಅಷ್ಟು ಇಲ್ಲದಿದ್ದರೆ ಕೆಳಮುಖ ಅರ್ಧಸುತ್ತನ್ನು ಪೂರ್ತಿ ಮಾಡಲು ಕೆಳಗೆ ಜಾಗ ಸಾಲುವುದಿಲ್ಲ. ಆಗ ಸುತ್ತನ್ನು ಅಲ್ಲೇ ಕೈಬಿಟ್ಟು ಉರುಳಿ ನೇರವಾಗಿ ಹೊರಬೀಳಬೇಕು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಮ್‌ನಲ್ಲಿ ಹಾಕರ್ ಹಂಟರ್ ಟಿ7 ಜೆಟ್‌ಗೆ ಸುತ್ತಿನ ಆರಂಭದಲ್ಲಿ ಕನಿಷ್ಠ 350 ನಾಟ್ ವೇಗ ಬೇಕಿತ್ತು, ಇದ್ದದ್ದು ಸುಮಾರು 310. ನೆತ್ತಿಯಲ್ಲಿ 3,500 ಅಡಿ ಬೇಕಿತ್ತು, ಸಿಕ್ಕಿದ್ದು ಸುಮಾರು 2,700. ಆದರೂ ಸುತ್ತು ಮುಂದುವರಿಯಿತು. ‘ನೆತ್ತಿಯ ಕನಿಷ್ಠ ಎತ್ತರ’ ಎನ್ನಬಹುದು. ಹಾರಾಟದ ಕನಿಷ್ಠ ಎತ್ತರ ಬೇರೆ, ಇದು ಬೇರೆ ಎಂಬುದು ‘ನೆತ್ತಿ’ಯಿಂದಲೇ ತಿಳಿಯುತ್ತದೆ.

‘ವೀಕ್ಷಕ’ ಕೂಡ ಬೇಡ. ಚುನಾವಣಾ ವೀಕ್ಷಕರು ಎಂಬ ಬಳಕೆಯಿಂದಾಗಿ ಅದಕ್ಕೆ ನೇಮಕಗೊಂಡ ಅಧಿಕಾರಿಯ ಅರ್ಥ ಅಂಟಿಕೊಂಡಿದೆ. ಪ್ರದರ್ಶನದಲ್ಲೂ ಸುರಕ್ಷತೆ ಗಮನಿಸಲು ನೇಮಕಗೊಂಡವರು ಇರುತ್ತಾರೆ, ಪದವನ್ನು ಅವರಿಗೆ ಬಿಡೋಣ. ಟಿಕೆಟ್ ಕೊಂಡು ಬಂದವರು ‘ಪ್ರೇಕ್ಷಕರು’. ಆದರೆ ಅಷ್ಟರಿಂದ ಮುಗಿಯುವುದಿಲ್ಲ. ಶೋರಮ್‌ನಲ್ಲಿ ಸತ್ತ 11 ಮಂದಿಯೂ ಪ್ರದರ್ಶನದ ಆವರಣದಿಂದ ಹೊರಗೆ, ಎ27 ರಸ್ತೆಯಲ್ಲಿ ಮತ್ತು ಅದರ ಪಕ್ಕದಲ್ಲಿದ್ದರು. ಕೆಲವರು ತಮ್ಮ ಪಾಡಿಗೆ ದಾರಿಯಲ್ಲಿ ಹೋಗುತ್ತಿದ್ದವರು. ಬೇಲಿಯಾಚೆ ದಿಬ್ಬ, ಸೇತುವೆ, ರಸ್ತೆ ಬದಿಯಲ್ಲಿ ನಿಂತು ಪುಕ್ಕಟೆ ನೋಡುವವರನ್ನು ಇಂಗ್ಲಿಷಿನಲ್ಲಿ ಸೆಕೆಂಡರಿ ಕ್ರೌಡ್ ಎನ್ನುತ್ತಾರೆ. ‘ದ್ವಿತೀಯ ಜನಸಮೂಹ’ ಎಂದರೆ ಎರಡನೇ ದರ್ಜೆಯವರು ಎಂಬ ಧ್ವನಿ ಬರುತ್ತದೆ. ‘ಬೇಲಿಯಾಚೆಯ ಜನ’ ಎನ್ನಿ. ದಾರಿಹೋಕರೂ ಅದರಲ್ಲಿ ಸೇರುತ್ತಾರೆ. ವಾಹನ ನಿಲುಗಡೆ ನೋಡಿಕೊಳ್ಳುವವರಿಗೆ ಈ ಪದ ಎಲ್ಲಕ್ಕಿಂತ ಮುಖ್ಯ. ಹಾರಾಟದ ದಾರಿಯ ಕೆಳಗಿನ ರಸ್ತೆಯಲ್ಲಿ ಕಾರು ನಿಲ್ಲಲು ಬಿಟ್ಟರೆ ಗುಂಪು ತಾನಾಗಿ ಸೇರುತ್ತದೆ.

ಉಳಿದವು ಚಿಕ್ಕವು. ‘ಯುದ್ಧಪಕ್ಷಿ’ ಓದಿದರೆ ಜಟಾಯು ಕಣ್ಮುಂದೆ ಬರುತ್ತಾನೆ. ‘ಹಳೆಯ ಯುದ್ಧವಿಮಾನ’ ಎಂದರೂ ಪೂರ್ತಿ ಸರಿಯಲ್ಲ. ಡಕೋಟಾ ಸಾಗಣೆಯದು, ಟೈಗರ್ ಮಾತ್ ಮತ್ತು ಹಾರ್ವರ್ಡ್ ತರಬೇತಿಯವು. ‘ಹಳೆಯ ಸೇನಾ ವಿಮಾನ’ ಸಾಕು.

‘ಟ್ಯಾಕ್ಸಿ ಚಾಲನೆ’ಯನ್ನು ಫಲಕದಲ್ಲಿ ಬರೆದರೆ ಜನ ಬಾಡಿಗೆ ಕಾರು ಹುಡುಕುತ್ತಾರೆ. ‘ವಿಮಾನ ನೆಲದ ಮೇಲೆ ಓಡಾಡುವಾಗ’ ಎನ್ನಿ. ಇಲ್ಲಿ ಒಂದು ವಿವರವನ್ನೂ ಸೇರಿಸಬೇಕು. ಸ್ಪಿಟ್‌ಫೈರ್, ಮಸ್ಟಾಂಗ್‌ನಂಥ ಬಾಲದ ಚಕ್ರದ ವಿಮಾನ ನೆಲದ ಮೇಲಿದ್ದಾಗ ಮೂತಿ ಮೇಲಕ್ಕೆತ್ತಿರುತ್ತದೆ, ಪೈಲಟ್‌ಗೆ ನೇರ ಮುಂದಿನದು ಕಾಣುವುದೇ ಇಲ್ಲ. ಅದಕ್ಕೇ ಅವು ಅಂಕುಡೊಂಕಾಗಿ ಸಾಗುತ್ತವೆ. ‘ಪೈಲಟ್ ನೋಡುತ್ತಿದ್ದಾನೆ, ನಿಲ್ಲಿಸುತ್ತಾನೆ’ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

‘ಕಂಪನ’ ಎಲ್ಲ ಎಂಜಿನ್‌ಗಳಲ್ಲೂ ಇದ್ದದ್ದೇ. ಫ್ಲಟರ್ ಎಂದರೆ ಗಾಳಿಯ ವೇಗದಿಂದಲೇ ಬಲ ಪಡೆದು ಕ್ಷಣಗಳಲ್ಲಿ ಬೆಳೆದು ಭಾಗವನ್ನು ಮುರಿಯುವ ಬಡಿತ. 2011ರ ಸೆಪ್ಟೆಂಬರ್ 16ರಂದು ರೀನೊ ಏರ್ ರೇಸ್‌ನಲ್ಲಿ ಪಿ-51 ವಿಮಾನ ಪ್ರೇಕ್ಷಕರಿದ್ದ ಜಾಗಕ್ಕೆ ಬಿದ್ದು ಪೈಲಟ್ ಸೇರಿ 11 ಮಂದಿ ಸತ್ತರು. ಟ್ರಿಮ್ ಟ್ಯಾಬ್ (ಬಾಲದ ರೆಕ್ಕೆಯ ಅಂಚಿನ ಚಿಕ್ಕ ಹೊಂದಾಣಿಕೆ ಪಟ್ಟಿ) ಹಿಡಿದಿಟ್ಟ ಸ್ಕ್ರೂಗಳ ಲಾಕ್‌ನಟ್‌ಗಳನ್ನು ಮತ್ತೆ ಬಳಸಲಾಗಿತ್ತು. ಅವುಗಳ ಒಳಗಿನ ಬಿಗಿಯುಂಗುರ ಸವೆದು ಸ್ಕ್ರೂ ಸಡಿಲವಾಗಿ ಫ್ಲಟರ್ ಶುರುವಾಯಿತು. ಆ ಭಾಗದಲ್ಲಿ ‘ಕಂಪನ’ ಎಂದಿದ್ದರೆ ಓದುಗನಿಗೆ ಅಪಾಯದ ಗಾತ್ರ ತಿಳಿಯುವುದಿಲ್ಲ. ‘ಫ್ಲಟರ್’ ಎಂದೇ ಇಟ್ಟು ಮೊದಲ ಸಲ ಒಂದು ಸಾಲಿನಲ್ಲಿ ವಿವರಿಸಿ.

ಉತ್ತರ 2

ಮೇಲಿನವರ ಹೆಚ್ಚಿನ ಮಾತು ಒಪ್ಪಿಗೆ. ‘ಹಾರಾಟದ ಗೆರೆ’ಗೆ ಮಾತ್ರ ತಕರಾರಿದೆ. ವಿಮಾನಗಳನ್ನು ನಿಲ್ಲಿಸಿ ಸಜ್ಜುಗೊಳಿಸುವ ಸಾಲಿಗೆ ಫ್ಲೈಟ್ ಲೈನ್ ಎಂಬ ಹೆಸರು ಈಗಾಗಲೇ ಇದೆ. ಅದರ ಕನ್ನಡವೂ ‘ಹಾರಾಟದ ಗೆರೆ’ಯೇ ಆಗಿಬಿಟ್ಟರೆ ಹಳೆಯ ಗೊಂದಲ ಹೊಸ ವೇಷದಲ್ಲಿ ಬರುತ್ತದೆ. ‘ಪ್ರದರ್ಶನದ ಗೆರೆ’, ‘ಜನರ ಗೆರೆ’, ‘ನಿಲುಗಡೆ ಸಾಲು’ ಎಂದು ಮೂರನ್ನೂ ಬೇರೆ ಮಾಡಿ, ಕೈಪಿಡಿಯ ಮೊದಲ ಪುಟದಲ್ಲೇ ನಕ್ಷೆಯೊಂದರಲ್ಲಿ ತೋರಿಸಿ.

ಪ್ರದರ್ಶನ ತಕ್ಷಣ ನಿಲ್ಲಿಸಲು ಬ್ರಿಟನ್ನಿನಲ್ಲಿ ರೇಡಿಯೊದಲ್ಲಿ ‘ಸ್ಟಾಪ್ ಸ್ಟಾಪ್ ಸ್ಟಾಪ್’ ಎನ್ನುತ್ತಾರೆ, ಅಮೆರಿಕದಲ್ಲಿ ‘ನಾಕ್ ಇಟ್ ಆಫ್’. ಇಂಥ ಕರೆಗಳನ್ನು ಅನುವಾದಿಸಬೇಡಿ. ಕೇಳಿದ್ದು ಕೇಳಿದ ಹಾಗೇ ಗುರುತು ಸಿಗಬೇಕು.

ಅಪಾಯದಲ್ಲಿ ಪೈಲಟ್‌ನನ್ನು ಸಿಡಿಮದ್ದಿನಿಂದ ವಿಮಾನದ ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ಭಾಗದಲ್ಲಿ ‘ಸೇಫ್’, ‘ಲೈವ್’ ಪದಗಳು ಬಂದೇ ಬರುತ್ತವೆ. ಸೀಟು ‘ಸೇಫ್’ ಎಂದರೆ ಸುರಕ್ಷತಾ ಪಿನ್‌ಗಳು ಹಾಕಿವೆ ಎಂದರ್ಥ, ಒಳಗಿನ ಸಿಡಿಮದ್ದು ಇದ್ದೇ ಇರುತ್ತದೆ. ‘ಸುರಕ್ಷಿತ’ ಎಂದು ಬರೆದರೆ ಮಗುವನ್ನು ಹತ್ತಿಸಿ ಫೋಟೊ ತೆಗೆಯಬಹುದು ಎಂದು ಓದುತ್ತಾರೆ. ‘ಪಿನ್ ಹಾಕಿದೆ’ ಎನ್ನಿ. ‘ಲೈವ್’ಗೆ ಪತ್ರಿಕೆಗಳ ‘ಸಜೀವ ಗುಂಡು’ ಇದೆಯಲ್ಲ, ಅದರಂತೆ ‘ಸಜೀವ ಸೀಟು’ ನಡೆಯುತ್ತದೆ. ‘ಎಕ್ಸ್‌ಪೈರ್ಡ್ ಕಾರ್ಟ್ರಿಡ್ಜ್’ಗೆ ‘ನಿಷ್ಕ್ರಿಯ’ ಎಂದು ಯಾರೂ ಬರೆಯದಿರಲಿ. ಬಳಕೆಯ ಅವಧಿ ಮುಗಿದ ಮದ್ದು ಸಿಡಿಯುವುದಿಲ್ಲ ಎಂದಲ್ಲ, ಹೊತ್ತಿಗೆ ಸರಿಯಾಗಿ ಸಿಡಿಯುತ್ತದೆಂಬ ಖಾತರಿ ಇಲ್ಲ ಎಂದಷ್ಟೆ. ಶೋರಮ್‌ನ ಹಂಟರ್‌ನಲ್ಲೂ ಅವಧಿ ಮೀರಿದ ಕಾರ್ಟ್ರಿಡ್ಜ್‌ಗಳಿದ್ದವು. ಅಂದಹಾಗೆ ‘ಲೈಫ್’ಗೆ ‘ಜೀವಾವಧಿ’ ಬೇಡ, ಅದರ ಬೆನ್ನಿಗೇ ‘ಶಿಕ್ಷೆ’ ನೆನಪಾಗುತ್ತದೆ. ‘ಬಳಕೆಯ ಅವಧಿ’ ಸಾಕು.

ವಿಮಾನ ನೆಲಕ್ಕೆ ಬಿದ್ದಾಗ ಸ್ವಯಂಸೇವಕರಿಗೆ ಕೊಡುವ ಸೂಚನೆ ಹೀಗಿರಬಹುದು: ‘ಹತ್ತಿರ ಹೋಗಬೇಡಿ. ಅಗ್ನಿಶಾಮಕ ವಾಹನದ ದಾರಿ ತೆರವಾಗಿಡಿ. ಬಿದ್ದ ಚೂರುಗಳನ್ನು ಮುಟ್ಟಬೇಡಿ, ಎತ್ತಬೇಡಿ. ಕಾಕ್‌ಪಿಟ್ ಬಳಿ ಕೆಂಪು ತ್ರಿಕೋನ ಕಂಡರೆ ಅಲ್ಲಿ ಸಜೀವ ಸೀಟಿದೆ ಎಂದು ಬರುವ ಸಿಬ್ಬಂದಿಗೆ ಕೂಗಿ ಹೇಳಿ.’