ಹೂವು ಅಳಿಸಿದ ಬಂದೂಕು

ನಾನು: [ಫೋಟೊ] ಕಡೆಗೂ ಸಿಕ್ಕಿತು! ಜಪಾನಿ ಸೈನ್ಯದ ಅರಿಸಾಕ, 99ನೇ ಮಾದರಿ. ಇಲ್ಲಿ ಓಹಿಯೊದಲ್ಲಿ, ತೀರಿಹೋದ ಹಿರಿಯರೊಬ್ಬರ ಮನೆಯ ಸಾಮಾನು ಮಾರುತ್ತಿದ್ದರು.

ಸುಮಾ ಅತ್ತೆ: ಮಗು ಅಂಬೆಗಾಲಿಡುವ ಮನೆಗೆ ಬಂದೂಕು ತಂದೆಯಾ?

ನಾನು: ಗುಂಡು ಇಲ್ಲ ಅತ್ತೆ. ಕಬ್ಬಿಣದ ಪೆಟ್ಟಿಗೆಗೆ ಬೀಗ ಹಾಕಿ ಇಟ್ಟಿದ್ದೇನೆ.

ಚಿಕ್ಕಪ್ಪ: ನಿನಗೆ ಟೋಪಿ ಹಾಕಿದ್ದಾರೆ. ಹಿಂಬದಿಯ ಮರದಲ್ಲಿ ಉದ್ದಕ್ಕೂ ಗೆರೆ ಕಾಣುತ್ತಿದೆ. ಸೀಳಿದ್ದನ್ನು ಅಂಟಿಸಿ ಮಾರಿದ್ದಾರೆ. ಮೂವತ್ತು ವರ್ಷ ಮರದ ಅಂಗಡಿ ನಡೆಸಿದವನು ನಾನು.

ನಾನು: ಅದು ಸೀಳಲ್ಲ ಚಿಕ್ಕಪ್ಪ. ಅರಿಸಾಕದ ಹಿಂಬದಿಯನ್ನು ಕಾರ್ಖಾನೆಯಲ್ಲೇ ಎರಡು ತುಂಡು ಜೋಡಿಸಿ ಮಾಡುತ್ತಿದ್ದರು.

ಚಿಕ್ಕಪ್ಪ: ಹಾಗಾದರೆ ಅಗಲದ ಹಲಗೆ ಉಳಿಯಿತು. ಜಾಣರು. ಸರಿ, ಮರಳು ಕಾಗದದಲ್ಲಿ ಉಜ್ಜಿ ಎರಡು ಕೈ ವಾರ್ನಿಷ್ ಕೊಡು, ಹೊಸದರ ಹಾಗಾಗುತ್ತದೆ.

ನಾನು: ಅಯ್ಯೋ, ಉಜ್ಜಿದರೆ ಬೆಲೆಯೇ ಹೋಗುತ್ತದೆ!

ವೀಣಕ್ಕ: 99 ಎಂದರೆ?

ನಾನು: ಜಪಾನಿ ಸಾಮ್ರಾಜ್ಯದ ಲೆಕ್ಕದಲ್ಲಿ 2599ನೇ ವರ್ಷ, ಅಂದರೆ 1939. ಹಳೆಯ 38ನೇ ಮಾದರಿಯ ಗುಂಡು 6.5 ಮಿ.ಮೀ., ಇದರದು 7.7. ಗುರಿ ಹಿಡಿಯುವ ಪಟ್ಟಿಯ ಅಕ್ಕಪಕ್ಕದಲ್ಲಿ ಮಡಚುವ ಎರಡು ಕಡ್ಡಿಗಳಿವೆ ನೋಡು, ವಿಮಾನಕ್ಕೆ ಗುರಿಯಿಡಲು.

ಚಿಕ್ಕಪ್ಪ: ಕೈಯಲ್ಲಿ ಹಿಡಿಯುವ ಬಂದೂಕಿನಲ್ಲಿ ವಿಮಾನವೇ? ತೆಂಗಿನ ಮರದ ಕೋತಿಗೇ ಗುರಿ ಸಿಗುವುದಿಲ್ಲ.

ವೀಣಕ್ಕ: 1944ರಲ್ಲಿ ಕೊಹಿಮಾ, ಇಂಫಾಲದಲ್ಲಿ ನಮ್ಮ ಸಿಪಾಯಿಗಳ ಎದುರಿಗಿದ್ದದ್ದು ಇಂಥವೇ ಬಂದೂಕುಗಳು. ಗೋಡೆಗೆ ತೂಗುಹಾಕುವ ವಸ್ತುವೇ ಇದು?

ನಾನು: ತೂಗುಹಾಕುತ್ತಿಲ್ಲ ಅಕ್ಕ. ನಳಿಗೆಯ ಬುಡದ ಮೇಲೆ ಉಜ್ಜಿದ ಗುರುತು ನೋಡು. ಅಲ್ಲಿ ಹದಿನಾರು ಎಸಳಿನ ಸೇವಂತಿಗೆ ಇತ್ತು, ಚಕ್ರವರ್ತಿಯ ಮುದ್ರೆ. ಜಪಾನ್ ಶರಣಾದಾಗ ಒಪ್ಪಿಸಿದ ಬಹಳಷ್ಟು ಬಂದೂಕುಗಳಲ್ಲಿ ಅದನ್ನು ಹೀಗೆ ಅಳಿಸಿದ್ದಾರೆ. ನಾನು ಕೊಂಡದ್ದೇ ಆ ಗೀರಿಗಾಗಿ.

ಚಿಕ್ಕಪ್ಪ: ಅಕ್ಕಸಾಲಿಗನಿಗೆ ಕೊಟ್ಟರೆ ಹೂವನ್ನು ಮತ್ತೆ ಕೆತ್ತಿಕೊಡುತ್ತಾನೆ.

ನಾನು: ಅದು ಮೋಸವಾಗುತ್ತದೆ ಚಿಕ್ಕಪ್ಪ. ಹೂವು ಉಳಿದದ್ದಕ್ಕೆ ಇಲ್ಲಿ ಬೆಲೆ ಹೆಚ್ಚು.

ಸುಮಾ ಅತ್ತೆ: ಏಕೆ ಹೆಚ್ಚು?

ನಾನು: ಅಂಥವು ಬಹುಪಾಲು ಶರಣಾಗತಿಗೆ ಮೊದಲೇ ರಣರಂಗದಲ್ಲಿ ಸಿಕ್ಕವು ಎಂದು.

ಸುಮಾ ಅತ್ತೆ: ಅಂದರೆ ಸತ್ತವನ ಪಕ್ಕದಿಂದ ಎತ್ತಿದ್ದಕ್ಕೆ ಹೆಚ್ಚು, ಬದುಕಿ ಮನೆಗೆ ಹೋದವನದಕ್ಕೆ ಕಡಿಮೆ.

ವೀಣಕ್ಕ: ಉತ್ತರ ಹೇಳಪ್ಪ.

ನಾನು: ನನ್ನದು ಕಡಿಮೆಯದು ಅತ್ತೆ.

ಸುಮಾ ಅತ್ತೆ: ಹಾಗಾದರೆ ಇರಲಿ. ಪೆಟ್ಟಿಗೆಯ ಕೀಲಿ ಮಾತ್ರ ಮಗುವಿನ ಕೈಗೆ ಸಿಗದ ಹಾಗಿಡು.

ಚಿಕ್ಕಪ್ಪ: ಆ ಜೋಡಣೆಯ ಫೋಟೊ ಹತ್ತಿರದಿಂದ ತೆಗೆದು ಕಳಿಸು. ಅಂಟೋ, ಕಚ್ಚೋ ನೋಡಬೇಕು.